ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯ ಹೃದಯರಕ್ಷಣೆ ಮತ್ತು ರಕ್ತಸೂಚಕಗಳು

ಹೃದಯ ಶಸ್ತ್ರಚಿಕಿತ್ಸೆಯ ವೇಳೆ ಬಳಸುವ ಕೆಲವು ಅರಿವಳಿಕೆ ಔಷಧಿಗಳು ನೋವು ಮತ್ತು ಎಚ್ಚರವನ್ನು ತಡೆಯುವುದರ ಜೊತೆಗೆ ಹೃದಯದ ಸ್ನಾಯುವನ್ನೂ ಹಾನಿಯಿಂದ ಒಂದು ಮಟ್ಟಿಗೆ ಕಾಯುತ್ತವೆ. ಈ ಗುಣವನ್ನು ಅರಿವಳಿಕೆಯ ಹೃದಯರಕ್ಷಣೆ ಎಂದು ಕರೆಯಲಾಗುತ್ತದೆ. ರಕ್ಷಣೆ ನಿಜಕ್ಕೂ ದೊರೆಯಿತೇ, ಎಷ್ಟು ದೊರೆಯಿತು ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಆದ್ದರಿಂದ ಹಾನಿಗೊಂಡ ಹೃದಯಕೋಶಗಳಿಂದ ರಕ್ತಕ್ಕೆ ಸೋರಿಬರುವ ಟ್ರೋಪೋನಿನ್, ಸಿಕೆ-ಎಂಬಿ ಮೊದಲಾದ ವಸ್ತುಗಳನ್ನೂ, ಹೃದಯದ ಗೋಡೆಯ ಒತ್ತಡ ಹೆಚ್ಚಿದಾಗ ಸ್ರವಿಸುವ ಬಿಎನ್‌ಪಿ ಮೊದಲಾದ ಹಾರ್ಮೋನುಗಳನ್ನೂ ಅಳೆದು ಅಂದಾಜು ಮಾಡಲಾಗುತ್ತದೆ. ಇವೇ ಹೃದಯದ ರಕ್ತಸೂಚಕಗಳು.

ಬೆಂಗಳೂರಿನ ಹೊರವಲಯದ ಕೈಗಾರಿಕಾ ಮತ್ತು ಮಾಹಿತಿ ತಂತ್ರಜ್ಞಾನ ಪ್ರದೇಶಗಳಲ್ಲಿ, ಮುಖ್ಯವಾಗಿ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗೆ ಹೊಂದಿಕೊಂಡ ಬೊಮ್ಮಸಂದ್ರದಲ್ಲಿ, ದೊಡ್ಡ ಪ್ರಮಾಣದಲ್ಲಿ ಹೃದಯ ಶಸ್ತ್ರಚಿಕಿತ್ಸೆ ನಡೆಸುವ ಆಸ್ಪತ್ರೆಗಳಿವೆ. ಅರಿವಳಿಕೆಯ ಆಯ್ಕೆಯನ್ನು ಕುರಿತು ಬೆಂಗಳೂರಿನಲ್ಲಿಯೇ ನಡೆದ ಅಧ್ಯಯನವೂ ಇದೆ. ಅದನ್ನು ಈ ಲೇಖನದ ಕೊನೆಯ ಭಾಗದಲ್ಲಿ ವಿವರಿಸಲಾಗಿದೆ.

ಹೃದಯಕ್ಕೆ ಆಗುವ ಹಾನಿ

1953ರಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಮೊದಲ ಯಶಸ್ವಿ ತೆರೆದ ಹೃದಯ ಶಸ್ತ್ರಚಿಕಿತ್ಸೆ ನಡೆಸಿದರು. ಅಂದಿನಿಂದ ಶಸ್ತ್ರವೈದ್ಯರ ಮುಂದಿರುವ ತೊಡಕು ಒಂದೇ. ಹೊಲಿಗೆ ಹಾಕಲು ಹೃದಯ ನಿಶ್ಚಲವಾಗಿರಬೇಕು. ಅದನ್ನು ನಿಲ್ಲಿಸಲು ಮಹಾಪಧಮನಿಗೆ ಇಕ್ಕಳ ಹಾಕಿದರೆ ಹೃದಯದ ಸ್ವಂತ ರಕ್ತನಾಳಗಳಿಗೂ ರಕ್ತ ಹೋಗುವುದಿಲ್ಲ. ಯಂತ್ರವು ಮಿದುಳು, ಮೂತ್ರಪಿಂಡ, ಯಕೃತ್ತುಗಳಿಗೆ ರಕ್ತ ಹರಿಸುತ್ತಿರುತ್ತದೆ, ಹೃದಯ ಮಾತ್ರ ಉಪವಾಸವಿರುತ್ತದೆ.

ಈ ಅವಧಿಯಲ್ಲಿ ಹೃದಯವನ್ನು ಉಳಿಸುವ ಮುಖ್ಯ ಸಾಧನ ಕಾರ್ಡಿಯೋಪ್ಲೀಜಿಯ. ಇದು ಪೊಟ್ಯಾಸಿಯಂ ಅಧಿಕವಾಗಿರುವ, ಸಾಮಾನ್ಯವಾಗಿ ತಂಪಾದ ದ್ರಾವಣ. 1955ರಲ್ಲಿ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟಿನಿಂದ ಹೃದಯವನ್ನು ನಿಲ್ಲಿಸುವ ವಿಧಾನವನ್ನು ಪ್ರಕಟಿಸಿದರು. ಇಂದು ಸೇಂಟ್ ಥಾಮಸ್ ದ್ರಾವಣ, ಡೆಲ್ ನಿಡೊ ದ್ರಾವಣ ಮುಂತಾದವು ಬಳಕೆಯಲ್ಲಿವೆ. ನಿಂತ ಹೃದಯಕ್ಕೆ ಆಮ್ಲಜನಕದ ಬೇಡಿಕೆ ಬಹಳ ಕಡಿಮೆ, ತಂಪಾದ ಹೃದಯಕ್ಕೆ ಇನ್ನೂ ಕಡಿಮೆ.

ಹಾನಿ ಎರಡು ಹಂತಗಳಲ್ಲಿ ಆಗುತ್ತದೆ. ರಕ್ತಪೂರೈಕೆ ನಿಂತಾಗ ಕೋಶಗಳ ಶಕ್ತಿಸಂಗ್ರಹ ಕರಗಿ ಆಮ್ಲ ಮತ್ತು ಕ್ಯಾಲ್ಸಿಯಂ ಶೇಖರವಾಗುತ್ತವೆ. ಇಕ್ಕಳ ತೆಗೆದು ರಕ್ತ ಮತ್ತೆ ಹರಿದಾಗ ಪರಿಸ್ಥಿತಿ ಕೂಡಲೇ ಸುಧಾರಿಸುವುದಿಲ್ಲ. ಹಠಾತ್ತಾಗಿ ಬಂದ ಆಮ್ಲಜನಕದಿಂದ ಉಂಟಾಗುವ ಮುಕ್ತ ಕಣಗಳು ಮತ್ತು ಕ್ಯಾಲ್ಸಿಯಂ ಸೇರಿ ಮೈಟೊಕಾಂಡ್ರಿಯಗಳ ಪೊರೆಯಲ್ಲಿ ರಂಧ್ರ ತೆರೆಯುವಂತೆ ಮಾಡುತ್ತವೆ, ಆಗಲೂ ಕೋಶಗಳು ಸಾಯುತ್ತವೆ. ಇದನ್ನು ಮರುಪೂರೈಕೆಯ ಹಾನಿ ಎನ್ನುತ್ತಾರೆ. ಇವೆರಡರ ಜೊತೆಗೆ ಸೂಜಿ, ಕತ್ತರಿ, ಹೊಲಿಗೆಗಳಿಂದ ಆಗುವ ನೇರ ಗಾಯವೂ ಇದೆ. ಅರಿವಳಿಕೆ ಔಷಧಿ ಮೊದಲ ಎರಡನ್ನು ತಗ್ಗಿಸಬಹುದೇ ಹೊರತು ಮೂರನೆಯದನ್ನು ತಗ್ಗಿಸಲಾರದು. ರಕ್ತಪರೀಕ್ಷೆಯಾದರೋ ಮೂರನ್ನೂ ಕೂಡಿಸಿ ಒಂದೇ ಸಂಖ್ಯೆಯಾಗಿ ತೋರಿಸುತ್ತದೆ. ಮುಂದೆ ಹೇಳುವ ಬಹುಪಾಲು ಗೊಂದಲಗಳ ಮೂಲ ಇಲ್ಲಿಯೇ ಇದೆ.

ಅರಿವಳಿಕೆ ಹೃದಯವನ್ನು ಕಾಯುವ ಬಗೆ

1986ರಲ್ಲಿ ಅಮೆರಿಕದ ಮರ್ರಿ, ಜೆನ್ನಿಂಗ್ಸ್ ಮತ್ತು ರೈಮರ್ ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ವಿಚಿತ್ರವೆನಿಸುವ ಫಲಿತಾಂಶ ದೊರೆಯಿತು. ಹೃದಯದ ರಕ್ತನಾಳವನ್ನು ನೇರವಾಗಿ 40 ನಿಮಿಷ ಮುಚ್ಚಿದಾಗ ಸತ್ತ ಸ್ನಾಯುವಿನ ಪ್ರಮಾಣಕ್ಕಿಂತ, ಅದಕ್ಕೆ ಮುನ್ನ ತಲಾ 5 ನಿಮಿಷದಂತೆ ನಾಲ್ಕು ಬಾರಿ ಮುಚ್ಚಿ ತೆರೆದು ಅನಂತರ 40 ನಿಮಿಷ ಮುಚ್ಚಿದಾಗ ಸತ್ತ ಸ್ನಾಯುವಿನ ಪ್ರಮಾಣ ಬಹಳ ಕಡಿಮೆಯಾಗಿತ್ತು. ಅದು ಸುಮಾರು ಕಾಲು ಭಾಗದಷ್ಟೇ ಇತ್ತು. ಸಣ್ಣ ಪೆಟ್ಟು ತಿಂದ ಹೃದಯ ದೊಡ್ಡ ಪೆಟ್ಟಿಗೆ ಅಣಿಯಾಗುತ್ತದೆ ಎಂಬ ಈ ವಿದ್ಯಮಾನಕ್ಕೆ ಪೂರ್ವಸಿದ್ಧತೆ, ಅಂದರೆ ಪ್ರಿಕಂಡಿಷನಿಂಗ್, ಎಂದು ಹೆಸರಾಯಿತು.

1997ರಲ್ಲಿ ಹಲವು ಸಂಶೋಧಕ ತಂಡಗಳು ಬೇರೆ ಬೇರೆಯಾಗಿ, ರಕ್ತನಾಳವನ್ನು ಮುಚ್ಚದೆಯೇ ಇದೇ ಪರಿಣಾಮವನ್ನು ಐಸೊಫ್ಲೂರೇನ್‌ನಂತಹ ಆವಿರೂಪದ ಅರಿವಳಿಕೆಯಿಂದ ಪಡೆಯಬಹುದೆಂದು ಪ್ರಾಣಿಗಳಲ್ಲಿ ತೋರಿಸಿದವು. ಹೃದಯಕೋಶದಲ್ಲಿ, ವಿಶೇಷವಾಗಿ ಮೈಟೊಕಾಂಡ್ರಿಯದಲ್ಲಿ, ಎಟಿಪಿಯನ್ನು ಅವಲಂಬಿಸಿ ತೆರೆದು ಮುಚ್ಚುವ ಪೊಟ್ಯಾಸಿಯಂ ದ್ವಾರಗಳಿವೆ. ಆವಿ ಅರಿವಳಿಕೆಯು ಅಡೆನೊಸಿನ್ ಗ್ರಾಹಕಗಳು ಮತ್ತು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವದ ಮೂಲಕ ಈ ದ್ವಾರಗಳನ್ನು ತೆರೆಯಲು ಅನುವುಮಾಡುತ್ತದೆ. ಅದರ ಫಲವಾಗಿ ಮರುಪೂರೈಕೆಯ ವೇಳೆ ಮೈಟೊಕಾಂಡ್ರಿಯದ ರಂಧ್ರ ಸುಲಭವಾಗಿ ತೆರೆದುಕೊಳ್ಳುವುದಿಲ್ಲ. ಈ ಸಿದ್ಧತೆ ಔಷಧಿ ನೀಡಿದ ಕೆಲವು ಗಂಟೆಗಳ ಕಾಲ ಇದ್ದು ಮರೆಯಾಗುತ್ತದೆ. ಪ್ರಾಣಿಗಳಲ್ಲಿ ಸುಮಾರು 24 ಗಂಟೆಗಳ ನಂತರ ಎರಡನೆಯ, ದೀರ್ಘವಾದ ಅವಧಿಯೊಂದು ಕಾಣಿಸಿಕೊಳ್ಳುತ್ತದೆ.

ಹೀಗೆ ಅರಿವಳಿಕೆಯ ಎರಡು ಪದ್ಧತಿಗಳ ನಡುವೆ ಹೋಲಿಕೆ ಆರಂಭವಾಯಿತು. ಒಂದು, ಸೆವೊಫ್ಲೂರೇನ್, ಡೆಸ್‌ಫ್ಲೂರೇನ್, ಐಸೊಫ್ಲೂರೇನ್‌ಗಳಂತಹ ಆವಿಗಳನ್ನು ಉಸಿರಿನ ಮೂಲಕ ನೀಡುವುದು. ಇನ್ನೊಂದು, ಪ್ರೊಪೊಫಾಲ್ ಮತ್ತು ಫೆಂಟನಿಲ್‌ನಂತಹ ಔಷಧಿಗಳನ್ನು ರಕ್ತನಾಳದ ಮೂಲಕವಷ್ಟೇ ನೀಡುವುದು. ಪ್ರೊಪೊಫಾಲ್ ಕೂಡ ಮುಕ್ತ ಕಣಗಳನ್ನು ಹೀರುವ ಗುಣ ಹೊಂದಿದೆ. ಆದರೆ ಪೂರ್ವಸಿದ್ಧತೆಯ ಸರಪಳಿ ಚಾಲನೆಗೊಳ್ಳಲು ಅಲ್ಪ ಪ್ರಮಾಣದ ಮುಕ್ತ ಕಣಗಳೇ ಬೇಕಾಗಿರುವುದರಿಂದ, ಪ್ರೊಪೊಫಾಲ್ ಆ ಸರಪಳಿಯನ್ನು ಕಡಿಯಬಹುದೆಂಬ ಶಂಕೆಯೂ ಇದೆ.

ಹೃದಯ-ಶ್ವಾಸಕೋಶ ಯಂತ್ರ ಓಡುತ್ತಿರುವಾಗ ಶ್ವಾಸಕೋಶದ ಮೂಲಕ ಆವಿ ನೀಡಲಾಗದು. ಆಗ ಆವಿಕಾರಕವನ್ನು ಯಂತ್ರದ ಆಕ್ಸಿಜನೇಟರಿಗೆ ಅನಿಲ ಒಯ್ಯುವ ಕೊಳವೆಗೆ ಜೋಡಿಸಬೇಕಾಗುತ್ತದೆ. ಎಲ್ಲ ಕೇಂದ್ರಗಳಲ್ಲೂ ಈ ವ್ಯವಸ್ಥೆ ಇರುವುದಿಲ್ಲ. ಆವಿ ನೀಡಲಾಯಿತು ಎಂದು ಒಂದು ಅಧ್ಯಯನ ಹೇಳಿದಾಗ ಯಾವ ಹಂತದಲ್ಲಿ, ಎಷ್ಟು ಹೊತ್ತು ನೀಡಲಾಯಿತು ಎಂಬುದನ್ನು ಕೇಳಲೇಬೇಕು.

ಟ್ರೋಪೋನಿನ್

ಸ್ನಾಯುವಿನ ಸಂಕೋಚನವನ್ನು ನಿಯಂತ್ರಿಸುವ ಪ್ರೋಟೀನುಗಳ ಗುಚ್ಛವೇ ಟ್ರೋಪೋನಿನ್. ಜಪಾನಿನ ಸೆತ್ಸುರೊ ಎಬಾಶಿ ಇದನ್ನು 1960ರ ದಶಕದಲ್ಲಿ ಕಂಡುಹಿಡಿದರು. ಇದರ ಮೂರು ಘಟಕಗಳ ಪೈಕಿ ಟ್ರೋಪೋನಿನ್ ಐ ಮತ್ತು ಟ್ರೋಪೋನಿನ್ ಟಿ ಎಂಬುವು ಹೃದಯದಲ್ಲಿ ಒಂದು ರೂಪದಲ್ಲಿಯೂ ಕೈಕಾಲುಗಳ ಸ್ನಾಯುವಿನಲ್ಲಿ ಬೇರೊಂದು ರೂಪದಲ್ಲಿಯೂ ಇರುತ್ತವೆ. ಹೃದಯದ ರೂಪವನ್ನಷ್ಟೇ ಗುರುತಿಸುವ ಪ್ರತಿಕಾಯಗಳನ್ನು ಬಳಸಿ 1980ರ ದಶಕದ ಕೊನೆಯ ಭಾಗದಲ್ಲಿ ರಕ್ತಪರೀಕ್ಷೆಗಳು ರೂಪುಗೊಂಡವು. ಎದೆಮೂಳೆಯನ್ನು ಸೀಳುವ ಶಸ್ತ್ರಚಿಕಿತ್ಸೆಯಲ್ಲಿ ಈ ಭೇದ ಅತ್ಯಂತ ಮುಖ್ಯವಾದುದು. ಎದೆಯ ಮತ್ತು ಕಾಲಿನ ಸ್ನಾಯುಗಳಿಗೆ ಗಾಯವಾದರೂ ಹೃದಯದ ಟ್ರೋಪೋನಿನ್ ಏರುವುದಿಲ್ಲ.

ಕೋಶದೊಳಗಿನ ಟ್ರೋಪೋನಿನ್‌ನ ಬಹುಭಾಗ ಸಂಕೋಚನದ ತಂತುಗಳಿಗೆ ಅಂಟಿಕೊಂಡಿರುತ್ತದೆ. ನೂರಕ್ಕೆ ಹತ್ತಕ್ಕಿಂತ ಕಡಿಮೆ ಭಾಗ ಮಾತ್ರ ಕೋಶದ್ರವದಲ್ಲಿ ಬಿಡಿಯಾಗಿರುತ್ತದೆ. ಗಾಯವಾದಾಗ ಮೊದಲು ಬಿಡಿಯಾದದ್ದು ಹೊರಬರುತ್ತದೆ, ಅನಂತರ ತಂತುಗಳು ಒಡೆದಂತೆ ಉಳಿದದ್ದು ದಿನಗಟ್ಟಲೆ ಸೋರುತ್ತಿರುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಯ ನಂತರ ಕೆಲವೇ ಗಂಟೆಗಳಲ್ಲಿ ಏರಿ ಇಳಿಯತೊಡಗುವ ಟ್ರೋಪೋನಿನ್‌ಗೂ, ಎರಡನೆಯ ದಿನವೂ ಏರುತ್ತಲೇ ಇರುವ ಟ್ರೋಪೋನಿನ್‌ಗೂ ಅರ್ಥ ಬೇರೆ. ಎರಡನೆಯದು ಕಸಿಮಾಡಿದ ರಕ್ತನಾಳ ಮುಚ್ಚಿಹೋಗಿರುವ ಸಾಧ್ಯತೆಯನ್ನು ಸೂಚಿಸುತ್ತದೆ. ಒಂದೇ ಬಾರಿ ತೆಗೆದ ರಕ್ತದಿಂದ ಈ ವ್ಯತ್ಯಾಸ ತಿಳಿಯದು. ಸಂಶೋಧನೆಗಳಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಮುನ್ನ, ಅನಂತರ 6, 12, 24, 48 ಗಂಟೆಗಳಲ್ಲಿ ರಕ್ತ ತೆಗೆದು, ಗರಿಷ್ಠ ಮಟ್ಟವನ್ನೋ ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣವನ್ನೋ ಹೋಲಿಸುತ್ತಾರೆ.

ಹೃದಯ ಶಸ್ತ್ರಚಿಕಿತ್ಸೆಯ ನಂತರ ಟ್ರೋಪೋನಿನ್ ಏರದ ರೋಗಿ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಹಾಗಾದರೆ ಎಷ್ಟು ಏರಿದರೆ ಅಪಾಯ? 2018ರಲ್ಲಿ ಪ್ರಕಟವಾದ ಹೃದಯಾಘಾತದ ನಾಲ್ಕನೆಯ ಸಾರ್ವತ್ರಿಕ ವ್ಯಾಖ್ಯೆಯ ಪ್ರಕಾರ, ಮೊದಲು ಸಹಜ ಮಟ್ಟವಿದ್ದ ರೋಗಿಯಲ್ಲಿ ಬೈಪಾಸ್ ನಂತರದ 48 ಗಂಟೆಗಳೊಳಗೆ ಟ್ರೋಪೋನಿನ್ ಸಹಜ ಮೇಲ್ಮಿತಿಯ ಹತ್ತು ಪಟ್ಟು ಮೀರಿದರೆ, ಅದರ ಜೊತೆಗೆ ಇಸಿಜಿ, ಆಂಜಿಯೊಗ್ರಾಂ ಅಥವಾ ಎಕೊದಂತಹ ಚಿತ್ರಣದಲ್ಲಿ ಹೊಸ ಪುರಾವೆ ಇದ್ದರೆ ಅದು ಬೈಪಾಸ್‌ಗೆ ಸಂಬಂಧಿಸಿದ ಹೃದಯಾಘಾತ. ಸಂಖ್ಯೆಯೊಂದೇ ಸಾಲದು.

ಈ ಹತ್ತು ಪಟ್ಟಿನ ಗೆರೆ ಎಷ್ಟು ತಗ್ಗಿನಲ್ಲಿದೆ ಎಂಬುದು 2022ರಲ್ಲಿ ಬೆಳಕಿಗೆ ಬಂತು. 12 ದೇಶಗಳ 24 ಆಸ್ಪತ್ರೆಗಳಲ್ಲಿ 13,862 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು ದಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಬಳಸಿದ ಅತಿಸಂವೇದಿ ಟ್ರೋಪೋನಿನ್ ಐ ಪರೀಕ್ಷೆಯ ಸಹಜ ಮೇಲ್ಮಿತಿ ಲೀಟರಿಗೆ 26 ನ್ಯಾನೊಗ್ರಾಂ. ಬೈಪಾಸ್ ಅಥವಾ ಮಹಾಪಧಮನಿ ಕವಾಟದ ಬದಲಾವಣೆಯಾದ ರೋಗಿಗಳಲ್ಲಿ, ಮೊದಲ ದಿನದೊಳಗೆ 30 ದಿನಗಳ ಮರಣದ ಅಪಾಯದೊಡನೆ ಸ್ಪಷ್ಟವಾಗಿ ತಳಕು ಹಾಕಿಕೊಂಡ ಮಟ್ಟ 5,670 ನ್ಯಾನೊಗ್ರಾಂ, ಅಂದರೆ ಮೇಲ್ಮಿತಿಯ 218 ಪಟ್ಟು. ಇತರ ಹೃದಯ ಶಸ್ತ್ರಚಿಕಿತ್ಸೆಗಳಲ್ಲಿ ಅದು 12,981 ನ್ಯಾನೊಗ್ರಾಂ, 499 ಪಟ್ಟು. ಹತ್ತು ಪಟ್ಟಿನ ಗೆರೆಯನ್ನು ಬಹುತೇಕ ಎಲ್ಲರೂ ದಾಟಿದ್ದರು. ಈ ಹಿನ್ನೆಲೆಯಲ್ಲಿ ನೋಡಿದರೆ, ಎರಡು ಅರಿವಳಿಕೆಗಳ ನಡುವೆ ಟ್ರೋಪೋನಿನ್‌ನಲ್ಲಿ ಕಂಡುಬರುವ ಕೆಲವೇ ಪಟ್ಟುಗಳ ಅಂತರ ರೋಗಿಯ ಬದುಕಿನಲ್ಲಿ ಏನು ಬದಲಿಸೀತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇತರ ಸೂಚಕಗಳು

ಸಿಕೆ-ಎಂಬಿ ಎಂಬುದು ಕ್ರಿಯಾಟಿನ್ ಕೈನೇಸ್ ಕಿಣ್ವದ ಒಂದು ರೂಪ. ಹೃದಯದಲ್ಲಿ ಹೆಚ್ಚು, ಇತರ ಸ್ನಾಯುಗಳಲ್ಲಿ ಅಲ್ಪ. ಆ ಅಲ್ಪವೇ ಎದೆ ತೆರೆದ ರೋಗಿಯಲ್ಲಿ ತೊಂದರೆ ಕೊಡುತ್ತದೆ. ಎರಡು ಮೂರು ದಿನಗಳಲ್ಲಿ ಸಹಜ ಮಟ್ಟಕ್ಕೆ ಇಳಿಯುವುದು ಇದರ ಅನುಕೂಲ. ಟ್ರೋಪೋನಿನ್ ಒಂದು ವಾರ ಮೀರಿಯೂ ಹೆಚ್ಚಾಗಿಯೇ ಇರಬಹುದಾದ್ದರಿಂದ, ನಡುವೆ ಹೊಸ ಆಘಾತವಾದರೆ ಸಿಕೆ-ಎಂಬಿಯ ಮರು ಏರಿಕೆ ಅದನ್ನು ತೋರಿಸಿಕೊಡಬಲ್ಲದು. ಖರ್ಚು ಕಡಿಮೆಯಾದ್ದರಿಂದಲೂ ಈ ಪರೀಕ್ಷೆ ಇನ್ನೂ ಉಳಿದುಕೊಂಡಿದೆ.

ಹೃದಯದ ಮೇದಾಮ್ಲ-ಬಂಧಕ ಪ್ರೋಟೀನ್ ಬಹಳ ಸಣ್ಣ ಅಣು. ಕೋಶದ್ರವದಲ್ಲಿ ಬಿಡಿಯಾಗಿಯೇ ಇರುವುದರಿಂದ ಇಕ್ಕಳ ತೆಗೆದ ಒಂದೆರಡು ಗಂಟೆಗಳಲ್ಲಿಯೇ ಗರಿಷ್ಠ ಮಟ್ಟ ತಲುಪಿ ಒಂದು ದಿನದೊಳಗೆ ಇಳಿಯುತ್ತದೆ. ಮೂತ್ರಪಿಂಡಗಳು ಇದನ್ನು ಹೊರಹಾಕುವುದರಿಂದ ಅವು ಬಳಲಿದ್ದರೆ ಲೆಕ್ಕ ತಪ್ಪುತ್ತದೆ.

ಬಿಎನ್‌ಪಿ ಮತ್ತು ಅದರ ಜೋಡಿ ತುಣುಕಾದ ಎನ್‌ಟಿ-ಪ್ರೊಬಿಎನ್‌ಪಿ ಬೇರೆಯೇ ಜಾತಿಯವು. 1988ರಲ್ಲಿ ಜಪಾನಿನ ಸಂಶೋಧಕರು ಬಿಎನ್‌ಪಿಯನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದ್ದರಿಂದ ಹೆಸರಿನಲ್ಲಿ ಮಿದುಳು ಉಳಿದುಕೊಂಡಿದೆ. ವಾಸ್ತವದಲ್ಲಿ ಇದನ್ನು ಹೆಚ್ಚಾಗಿ ಸ್ರವಿಸುವುದು ಹೃತ್ಕುಕ್ಷಿ. ಕೋಶ ಸಾಯದಿದ್ದರೂ, ಗೋಡೆ ಹಿಗ್ಗಿ ಹೃದಯ ಬಳಲಿದರೆ ಇದು ಏರುತ್ತದೆ. ಎಷ್ಟು ಕೋಶಗಳು ಸತ್ತವೆಂಬುದನ್ನು ಟ್ರೋಪೋನಿನ್ ಹೇಳಿದರೆ, ಉಳಿದ ಕೋಶಗಳು ಎಷ್ಟು ಪ್ರಯಾಸಪಡುತ್ತಿವೆ ಎಂಬುದನ್ನು ಬಿಎನ್‌ಪಿ ಹೇಳುತ್ತದೆ. ಹೃದಯರಕ್ಷಣೆ ಎಂಬ ಒಂದೇ ಪದದಲ್ಲಿ ಈ ಎರಡೂ ಅಡಕವಾಗಿರುವುದನ್ನು ಓದುಗರು ಗಮನಿಸಬೇಕು.

ಉರಿಯೂತವನ್ನು ತೋರಿಸುವ ಇಂಟರ್‌ಲ್ಯೂಕಿನ್-6, ಸಿ-ರಿಯಾಕ್ಟಿವ್ ಪ್ರೋಟೀನ್ ಮುಂತಾದವನ್ನೂ ಅಧ್ಯಯನಗಳಲ್ಲಿ ಅಳೆಯುತ್ತಾರೆ. ಯಂತ್ರದ ಕೊಳವೆಗಳಲ್ಲಿ ರಕ್ತ ಹರಿಯುವುದೇ ಉರಿಯೂತಕ್ಕೆ ಕಾರಣವಾಗುವುದರಿಂದ ಇವು ಹೃದಯಕ್ಕೆ ವಿಶಿಷ್ಟವಲ್ಲ. ರಕ್ತದ ಲ್ಯಾಕ್ಟೇಟ್ ಇಡೀ ದೇಹದ ರಕ್ತಸಂಚಾರದ ಸೂಚಕ.

ಪ್ರಯೋಗಗಳ ಸಾಕ್ಷ್ಯ

ಬೆಲ್ಜಿಯಂನ ಸ್ಟೆಫಾನ್ ಡಿ ಹೆರ್ಟ್ ಮತ್ತು ಸಂಗಡಿಗರು 2002ರಲ್ಲಿ, ಬೈಪಾಸ್ ರೋಗಿಗಳಲ್ಲಿ ಪ್ರೊಪೊಫಾಲ್‌ಗಿಂತ ಸೆವೊಫ್ಲೂರೇನ್ ಬಳಸಿದಾಗ ಟ್ರೋಪೋನಿನ್ ಐ ಕಡಿಮೆ ಏರಿತು, ಹೃದಯದ ಕಾರ್ಯವೂ ಉತ್ತಮವಾಗಿ ಉಳಿಯಿತು ಎಂದು ವರದಿ ಮಾಡಿದರು. ಅದೇ ತಂಡ 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸೆವೊಫ್ಲೂರೇನ್ ಅನ್ನು ಯಂತ್ರಕ್ಕೆ ಮುನ್ನ ಮಾತ್ರ, ಯಂತ್ರದ ನಂತರ ಮಾತ್ರ, ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಎಂಬ ಮೂರು ಬಗೆಗಳಲ್ಲಿ ನೀಡಿ ನೋಡಿದಾಗ, ಉದ್ದಕ್ಕೂ ನೀಡಿದ ಗುಂಪಿನಲ್ಲಿ ರಕ್ಷಣೆ ಅತ್ಯಂತ ಸ್ಪಷ್ಟವಾಗಿತ್ತು.

2003ರಲ್ಲಿ ಜೂಲಿಯರ್ ಮತ್ತು ಸಂಗಡಿಗರು ಪ್ರಕಟಿಸಿದ, 72 ರೋಗಿಗಳ ಅಧ್ಯಯನ ಸೂಚಕಗಳ ದೃಷ್ಟಿಯಿಂದ ಹೆಚ್ಚು ಕುತೂಹಲಕಾರಿ. ಯಂತ್ರದ ಆರಂಭದ ಹಂತದಲ್ಲಿ, ಹೃದಯವನ್ನು ನಿಲ್ಲಿಸುವ ಮುನ್ನ, 10 ನಿಮಿಷ ಸೆವೊಫ್ಲೂರೇನ್ ನೀಡಲಾಯಿತು. ಟ್ರೋಪೋನಿನ್ ಟಿ ಮತ್ತು ಸಿಕೆ-ಎಂಬಿಗಳಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಎನ್‌ಟಿ-ಪ್ರೊಬಿಎನ್‌ಪಿ ಗಣನೀಯವಾಗಿ ಕಡಿಮೆಯಿತ್ತು, ಮೂತ್ರಪಿಂಡದ ಸೂಚಕವಾದ ಸಿಸ್ಟಾಟಿನ್ ಸಿ ಕೂಡ ಉತ್ತಮವಾಗಿತ್ತು. ಟ್ರೋಪೋನಿನ್ ಒಂದನ್ನೇ ಅಳೆದಿದ್ದರೆ ಔಷಧಿ ನಿಷ್ಪ್ರಯೋಜಕವೆಂದು ತೀರ್ಮಾನವಾಗುತ್ತಿತ್ತು.

ಸಣ್ಣ ಅಧ್ಯಯನಗಳನ್ನು ಕೂಡಿಸಿ ನೋಡುವ ಕೆಲಸವನ್ನು ಇಟಲಿಯ ಜೊವಾನ್ನಿ ಲಾಂಡೋನಿ ಮತ್ತು ಸಂಗಡಿಗರು 2007ರಲ್ಲಿ ಮಾಡಿದರು. 22 ಪ್ರಯೋಗಗಳ 1,922 ರೋಗಿಗಳನ್ನು ಒಳಗೊಂಡ ಆ ವಿಶ್ಲೇಷಣೆಯಲ್ಲಿ ಡೆಸ್‌ಫ್ಲೂರೇನ್ ಮತ್ತು ಸೆವೊಫ್ಲೂರೇನ್ ಪಡೆದವರಲ್ಲಿ ಹೃದಯಾಘಾತವೂ ಮರಣವೂ ಕಡಿಮೆ ಕಂಡುಬಂದವು. ಆಶಾವಾದ ಉತ್ತುಂಗಕ್ಕೇರಿದ್ದು ಆಗ. 2009ರಲ್ಲಿ ಡಿ ಹೆರ್ಟ್ ತಂಡದ್ದೇ ಆದ, 414 ರೋಗಿಗಳ ಅಧ್ಯಯನ ಒಗಟೊಂದನ್ನು ಮುಂದಿಟ್ಟಿತು. ಗುಂಪುಗಳ ನಡುವೆ ಟ್ರೋಪೋನಿನ್‌ನಲ್ಲಿ ವ್ಯತ್ಯಾಸವಿರಲಿಲ್ಲ, ಒಂದು ವರ್ಷದ ಮರಣ ಪ್ರಮಾಣ ಮಾತ್ರ ಆವಿ ಪಡೆದವರಲ್ಲಿ ಕಡಿಮೆಯಿತ್ತು. ಸೂಚಕ ಒಂದು ದಿಕ್ಕು, ಫಲಿತಾಂಶ ಇನ್ನೊಂದು ದಿಕ್ಕು.

ಉತ್ತರಕ್ಕಾಗಿ ನಡೆದ ದೊಡ್ಡ ಪ್ರಯೋಗವೇ ಮಿರಿಯಡ್. 13 ದೇಶಗಳ 36 ಕೇಂದ್ರಗಳಲ್ಲಿ ಯೋಜಿತ ಬೈಪಾಸ್‌ಗೆ ಒಳಗಾದ 5,400 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ವರ್ಷದ ಮರಣ ಪ್ರಮಾಣ ಆವಿ ಗುಂಪಿನಲ್ಲಿ ಶೇ. 2.8, ರಕ್ತನಾಳದ ಮೂಲಕ ಅರಿವಳಿಕೆ ಪಡೆದ ಗುಂಪಿನಲ್ಲಿ ಶೇ. 3.0. ವ್ಯತ್ಯಾಸ ಇಲ್ಲವೆಂದೇ ಅರ್ಥ. ಮುಂದುವರಿಸಿ ಪ್ರಯೋಜನವಿಲ್ಲವೆಂದು ಪ್ರಯೋಗವನ್ನು ಉದ್ದೇಶಿತ ಸಂಖ್ಯೆಗೆ ಮೊದಲೇ ನಿಲ್ಲಿಸಲಾಗಿತ್ತು. ಈ ಪ್ರಯೋಗದ ಮುಂದಾಳು, 2007ರ ವಿಶ್ಲೇಷಣೆಯನ್ನು ಬರೆದ ಅದೇ ಲಾಂಡೋನಿ.

ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿ ದೂರದಿಂದಲೇ ಹೃದಯವನ್ನು ಅಣಿಗೊಳಿಸುವ ವಿಧಾನದ ಕಥೆಯೂ ಇದಕ್ಕೆ ಹತ್ತಿರದ್ದು. ಬ್ರಿಟನ್ನಿನ ಎರಿಕ (1,612 ರೋಗಿಗಳು) ಮತ್ತು ಜರ್ಮನಿಯ ರಿಪ್‌ಹಾರ್ಟ್ (1,403 ರೋಗಿಗಳು) ಎಂಬ ಎರಡು ಪ್ರಯೋಗಗಳು 2015ರಲ್ಲಿ ಏನೂ ಪ್ರಯೋಜನ ಕಾಣಲಿಲ್ಲ. ಎರಡರಲ್ಲಿಯೂ ಹೆಚ್ಚಿನ ರೋಗಿಗಳಿಗೆ ಪ್ರೊಪೊಫಾಲ್ ನೀಡಲಾಗಿತ್ತು. ಅದೇ ಪರಿಣಾಮವನ್ನು ಅಳಿಸಿತೇ ಎಂಬ ಚರ್ಚೆ ಅಂದಿನಿಂದ ನಡೆದಿದೆ.

ಇವನ್ನೆಲ್ಲ ಒಟ್ಟಿಗೆ ನೋಡಿದಾಗ, ಆವಿ ಅರಿವಳಿಕೆ ಹೃದಯವನ್ನು ಕಾಯುವುದೇ ಇಲ್ಲ ಎನ್ನುವುದಕ್ಕಿಂತ, ಆಧುನಿಕ ಕಾರ್ಡಿಯೋಪ್ಲೀಜಿಯ ಮತ್ತು ನುರಿತ ಶಸ್ತ್ರವೈದ್ಯರು ಕಾಯ್ದ ನಂತರ ಅರಿವಳಿಕೆಗೆ ಕಾಯಲು ಉಳಿಯುವುದು ಸ್ವಲ್ಪವೇ ಎನ್ನುವುದು ಹೆಚ್ಚು ಸಮಂಜಸ. ಆ ಸ್ವಲ್ಪವನ್ನು ಟ್ರೋಪೋನಿನ್ ಗುರುತಿಸೀತು, ಮರಣದ ಲೆಕ್ಕ ಗುರುತಿಸದು.

ಬೆಂಗಳೂರಿನ ಸಂದರ್ಭ

ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆಯನ್ನು 2001ರ ಜನವರಿ 19ರಂದು ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದರು. ಇಲ್ಲಿ ಹೃದಯ ಶಸ್ತ್ರಚಿಕಿತ್ಸೆ ಸಂಪೂರ್ಣ ಉಚಿತ. ನಗರದ ದಕ್ಷಿಣದಲ್ಲಿ, ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದರೆ ಸಿಗುವ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಡಾ. ದೇವಿ ಪ್ರಸಾದ್ ಶೆಟ್ಟಿ ಸ್ಥಾಪಿಸಿದ ನಾರಾಯಣ ಹೃದಯಾಲಯವಿದೆ. ಹೆಚ್ಚು ಸಂಖ್ಯೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿ ಪ್ರತಿಯೊಂದರ ವೆಚ್ಚ ತಗ್ಗಿಸುವ ಮಾದರಿಗೆ ಅದು ಹೆಸರಾಗಿದೆ. ಸಹಕಾರ ಸಂಘಗಳ ಸದಸ್ಯರಾದ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯ ರೂಪಣೆಯಲ್ಲಿಯೂ ಶೆಟ್ಟಿಯವರ ಪಾತ್ರವಿತ್ತು. ಪೀಣ್ಯದ ಕಾರ್ಖಾನೆಗಳ ಕಾರ್ಮಿಕರಲ್ಲಿ ಅನೇಕರು ಇಎಸ್‌ಐ ವಿಮೆಗೆ ಒಳಪಟ್ಟವರು.

ಉಚಿತವಾಗಿ ಅಥವಾ ನಿಗದಿತ ದರಕ್ಕೆ ಶಸ್ತ್ರಚಿಕಿತ್ಸೆ ನಡೆಯುವಲ್ಲಿ ರಕ್ತಸೂಚಕಗಳ ಪ್ರಶ್ನೆ ಹಣದ ಪ್ರಶ್ನೆಯೂ ಹೌದು. ಸೆವೊಫ್ಲೂರೇನ್ ಐಸೊಫ್ಲೂರೇನ್‌ಗಿಂತ ದುಬಾರಿ. ಒಬ್ಬ ರೋಗಿಗೆ ಐದು ಬಾರಿ ಟ್ರೋಪೋನಿನ್ ಅಳೆದರೆ ಅದರ ವೆಚ್ಚವನ್ನು ಆಸ್ಪತ್ರೆ, ಸರ್ಕಾರ ಅಥವಾ ದಾನಿ ಭರಿಸಬೇಕು. ದುಬಾರಿ ಔಷಧಿಯಿಂದ ಟ್ರೋಪೋನಿನ್ ಸ್ವಲ್ಪ ಇಳಿಯಿತು ಎಂಬ ಒಂದೇ ಆಧಾರದ ಮೇಲೆ ಪದ್ಧತಿಯನ್ನೇ ಬದಲಿಸುವುದು ಸೂಕ್ತವೇ? ಮಿರಿಯಡ್‌ನ ಫಲಿತಾಂಶದ ನಂತರ ಹೌದೆನ್ನುವುದು ಕಷ್ಟ. ಐಸೊಫ್ಲೂರೇನ್ ಕೂಡ ಪೂರ್ವಸಿದ್ಧತೆಯ ಗುಣ ಹೊಂದಿರುವ ಆವಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

ಭಾರತದಲ್ಲಿ ಮಿಡಿಯುತ್ತಿರುವ ಹೃದಯದ ಮೇಲೆಯೇ, ಯಂತ್ರವಿಲ್ಲದೆ ಬೈಪಾಸ್ ಮಾಡುವ ಆಫ್-ಪಂಪ್ ವಿಧಾನ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಇಡೀ ಹೃದಯದ ರಕ್ತಪೂರೈಕೆ ನಿಲ್ಲುವುದಿಲ್ಲ, ಹೊಲಿಗೆ ಹಾಕುವ ನಾಳವನ್ನು ಮಾತ್ರ ಕೆಲವು ನಿಮಿಷ ಕಟ್ಟುತ್ತಾರೆ. ಟ್ರೋಪೋನಿನ್ ಏರಿಕೆಯೂ ಯಂತ್ರದೊಡನೆ ನಡೆಸುವ ಶಸ್ತ್ರಚಿಕಿತ್ಸೆಗಿಂತ ಕಡಿಮೆ. ಯುರೋಪಿನ ಯಂತ್ರಸಹಿತ ಬೈಪಾಸ್‌ಗಳಲ್ಲಿ ದೊರೆತ ಸಂಖ್ಯೆಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಈ ಕೊರತೆಯನ್ನು ತುಂಬುವ ಅಧ್ಯಯನವೊಂದು ಬೆಂಗಳೂರಿನಿಂದಲೇ ಬಂದಿದೆ. 1998ರಿಂದ ಪ್ರಕಟವಾಗುತ್ತಿರುವ ಭಾರತೀಯ ಪತ್ರಿಕೆ ಅನಲ್ಸ್ ಆಫ್ ಕಾರ್ಡಿಯಾಕ್ ಅನಸ್ತೀಸಿಯದ 2013ರ ಸಂಪುಟದಲ್ಲಿ ನಗರದ ವೈದ್ಯರ ತಂಡವೊಂದು ಆಫ್-ಪಂಪ್ ಬೈಪಾಸ್ ರೋಗಿಗಳಲ್ಲಿ ಸೆವೊಫ್ಲೂರೇನ್, ಡೆಸ್‌ಫ್ಲೂರೇನ್ ಮತ್ತು ಪ್ರೊಪೊಫಾಲ್ ಆಧಾರಿತ ಅರಿವಳಿಕೆಗಳನ್ನು ಹೋಲಿಸಿತು. ಸೂಚಕವಾಗಿ ಟ್ರೋಪೋನಿನ್ ಟಿಯನ್ನು ಹಲವು ಬಾರಿ ಅಳೆಯಲಾಯಿತು. ಮೂರೂ ಗುಂಪುಗಳಲ್ಲಿ ಬದಲಾವಣೆಗಳು ಒಂದೇ ತೆರನಾಗಿದ್ದು, ಹೃದಯರಕ್ಷಣೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ತಂಡ ವರದಿ ಮಾಡಿತು. ಆರು ವರ್ಷಗಳ ನಂತರ ಮಿರಿಯಡ್ ತಲುಪಿದ ಉತ್ತರವೂ ಇದನ್ನೇ ಹೋಲುತ್ತದೆ.

ಸ್ಥಳೀಯ ರೋಗಿಗಳ ಸ್ವರೂಪವೂ ಲೆಕ್ಕವನ್ನು ಬದಲಿಸುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲ್ಗೊಂಡಿದ್ದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತದ ಮಧ್ಯಮ ವಯಸ್ಸು 53, ಇತರ ದೇಶಗಳಲ್ಲಿ ಸುಮಾರು 59. ಮಧುಮೇಹವೂ ಇಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಗೆ ಬಳಸುವ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಮೇದೋಜೀರಕ ಗ್ರಂಥಿಯ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿ ಇನ್ಸುಲಿನ್ ಹೊರಬರುವಂತೆ ಮಾಡುತ್ತದೆ. ಅದು ಹೃದಯದಲ್ಲಿರುವ ಅದೇ ಬಗೆಯ ದ್ವಾರಗಳನ್ನೂ ಮುಚ್ಚಬಲ್ಲದು, ಅಂದರೆ ಆವಿ ಅರಿವಳಿಕೆ ತೆರೆಯಲು ಹೊರಟ ಬಾಗಿಲನ್ನೇ. ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗಲೂ ಪೂರ್ವಸಿದ್ಧತೆ ಕುಂದುವುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಮಧುಮೇಹಿಗಳು ಹೆಚ್ಚಿರುವ ರೋಗಿಸಮೂಹದಲ್ಲಿ ಅರಿವಳಿಕೆಯ ರಕ್ಷಣೆ ಟ್ರೋಪೋನಿನ್‌ನಲ್ಲಿ ಕಾಣದಿರಲು ಇದೂ ಒಂದು ಕಾರಣವಾಗಿರಬಹುದು.

ಮಕ್ಕಳ ಮತ್ತು ಕವಾಟದ ಶಸ್ತ್ರಚಿಕಿತ್ಸೆಗಳು ಇಂತಹ ಆಸ್ಪತ್ರೆಗಳ ಕೆಲಸದ ದೊಡ್ಡ ಪಾಲು. ಹುಟ್ಟಿನಿಂದ ಬಂದ ಹೃದಯದೋಷವುಳ್ಳ ಮಕ್ಕಳಲ್ಲಿ ಟ್ರೋಪೋನಿನ್ ಏರಿಕೆ ದೋಷದ ಬಗೆಯನ್ನೇ ಅವಲಂಬಿಸುತ್ತದೆ. ಹೃತ್ಕರ್ಣಗಳ ನಡುವಿನ ರಂಧ್ರ ಮುಚ್ಚಿದಾಗ ಏರಿಕೆ ಕಡಿಮೆ. ಫ್ಯಾಲೊ ಚತುಷ್ಟಯದಲ್ಲಿ ಹೃತ್ಕುಕ್ಷಿಯ ಸ್ನಾಯುವನ್ನೇ ಕತ್ತರಿಸಿ ತೆಗೆಯಬೇಕಾಗುವುದರಿಂದ ಏರಿಕೆ ಬಹಳ ಹೆಚ್ಚು. ಅಲ್ಲಿ ಸಂಖ್ಯೆ ತೋರುವುದು ಬಹುಪಾಲು ಕತ್ತರಿಯ ಗುರುತನ್ನು.

ವರದಿಯನ್ನು ಓದುವಾಗ

ಬಿಡುಗಡೆಯ ಸಾರಾಂಶದಲ್ಲಿ ಟ್ರೋಪೋನಿನ್ ಸಂಖ್ಯೆಯನ್ನು ಕಂಡು ಕುಟುಂಬದವರು ಗಾಬರಿಯಾಗುವುದುಂಟು. ಮೊದಲು ನೋಡಬೇಕಾದದ್ದು ಮಾನ. ಹಳೆಯ ವರದಿಗಳು ಮಿಲಿಲೀಟರಿಗೆ ನ್ಯಾನೊಗ್ರಾಂ ಎಂದೂ, ಅತಿಸಂವೇದಿ ಪರೀಕ್ಷೆಗಳು ಲೀಟರಿಗೆ ನ್ಯಾನೊಗ್ರಾಂ ಎಂದೂ ಬರೆಯುತ್ತವೆ. 1.2 ಮತ್ತು 1,200 ಒಂದೇ ಪ್ರಮಾಣವಾಗಿರಬಹುದು. ಎರಡನೆಯದು ಪರೀಕ್ಷೆಯ ಬಗೆ. ಟ್ರೋಪೋನಿನ್ ಐಯನ್ನು ಹಲವು ತಯಾರಕರ ಪರೀಕ್ಷೆಗಳು ಬೇರೆ ಬೇರೆ ಪ್ರತಿಕಾಯಗಳಿಂದ ಅಳೆಯುವುದರಿಂದ, ಒಂದು ಪ್ರಯೋಗಾಲಯದ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಗೆ ಹೋಲಿಸುವಂತಿಲ್ಲ. ಟ್ರೋಪೋನಿನ್ ಟಿ ಮತ್ತು ಐಗಳ ನಡುವೆಯೂ ಹೋಲಿಕೆ ಸಲ್ಲದು. ಸಹಜ ಮೇಲ್ಮಿತಿಯನ್ನು ವರದಿಯ ಪಕ್ಕದಲ್ಲಿ ಮುದ್ರಿಸಿರುತ್ತಾರೆ, ಅದರ ಎಷ್ಟು ಪಟ್ಟು ಎಂದು ನೋಡುವುದು ಹೆಚ್ಚು ಅರ್ಥಪೂರ್ಣ. ಆದರೆ ಆ ಮೇಲ್ಮಿತಿಯನ್ನು ಆರೋಗ್ಯವಂತರಿಂದ ಪಡೆಯಲಾಗಿದೆಯೇ ಹೊರತು ಹೃದಯ ಶಸ್ತ್ರಚಿಕಿತ್ಸೆಯಾದವರಿಂದಲ್ಲ.

ಮೂತ್ರಪಿಂಡದ ಕಾಯಿಲೆ ಇದ್ದವರಲ್ಲಿ ಟ್ರೋಪೋನಿನ್ ಮತ್ತು ಬಿಎನ್‌ಪಿ ಶಸ್ತ್ರಚಿಕಿತ್ಸೆಗೆ ಮುನ್ನವೇ ಹೆಚ್ಚಿರಬಹುದು. ಯಂತ್ರದಲ್ಲಿ ಕೆಂಪು ರಕ್ತಕಣಗಳು ಒಡೆದಿದ್ದರೆ ಕೆಲವು ಪರೀಕ್ಷೆಗಳ ಫಲಿತಾಂಶ ವ್ಯತ್ಯಾಸಗೊಳ್ಳುತ್ತದೆ. ಕೂದಲು, ಉಗುರಿನ ಆರೈಕೆಗೆಂದು ಸೇವಿಸುವ ಬಯೋಟಿನ್ ಮಾತ್ರೆಗಳೂ ಕೆಲವು ವಿಧಾನಗಳಲ್ಲಿ ಟ್ರೋಪೋನಿನ್ ಅನ್ನು ನಿಜಕ್ಕಿಂತ ಕಡಿಮೆ ತೋರಿಸಬಲ್ಲವು. ಅವನ್ನು ಸೇವಿಸುತ್ತಿರುವ ವಿಷಯವನ್ನು ರಕ್ತ ಕೊಡುವ ಮೊದಲೇ ವೈದ್ಯರಿಗೆ ತಿಳಿಸಬೇಕಾಗುತ್ತದೆ.